ಎರಡೂವರೆ ವರ್ಷದ ಮಗಳಿಗೆ ಹಿಮ, ಸ್ಕೀಯಿಂಗ್: ಈಗಲೇ ಶುರು ಮಾಡಬಹುದಾ?

ಕೋಥ್ರೂಡ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿ ಕಡೆಯವರು, ಈಗ ಪುಣೆಯ ಕೋಥ್ರೂಡಿನಲ್ಲಿದ್ದೇವೆ. ಜನವರಿ ಕೊನೆಗೆ ಮನಾಲಿಗೆ ಹೊರಟಿದ್ದೇವೆ. ಮಗಳಿಗೆ ಆಗ ಎರಡೂವರೆ ತುಂಬಿರುತ್ತದೆ. ಇಲ್ಲಿಯ ಡಿಸೆಂಬರ್ ಚಳಿಗೆ ಸ್ವೆಟರ್ ಹಾಕಲು ಹೋದರೂ ಅಳುವ ಮಗು. ಇಷ್ಟಿಷ್ಟೇ ಮಕ್ಕಳು ಸ್ಕೀ ಮೇಲೆ ಜಾರಿಕೊಂಡು ಬರುವ ವಿಡಿಯೋ ನೋಡಿ, ಇವಳನ್ನೂ ಮನಾಲಿ ಹತ್ತಿರದ ಸೋಲಾಂಗ್ ಕಣಿವೆಯಲ್ಲಿ ಸ್ಕೀ ಮೇಲೆ ನಿಲ್ಲಿಸಬೇಕು ಅಂತ ನಮ್ಮ ಯಜಮಾನರಿಗೆ ಆಸೆ. ಅತ್ತೆಯವರು ಮಗುವನ್ನು ಹಿಮಕ್ಕೆ ಒಯ್ಯುವುದೇ ಬೇಡ ಅನ್ನುತ್ತಾರೆ. ಯಾರಾದರೂ ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಿದ್ದೀರಾ? ಬಟ್ಟೆ ಅಲ್ಲೇ ಬಾಡಿಗೆಗೆ ಸಿಗುತ್ತದಂತೆ. ಅಷ್ಟು ಸಾಕಾ?

ಔಂಧ್ ಅಪ್ಪ:

ಖಂಡಿತ ಕರೆದುಕೊಂಡು ಹೋಗಿ ಅಕ್ಕಾ. ಸ್ಕೀ ಮಾತ್ರ ಈ ಸಲ ಬೇಡ.

ನಾನು ಕೆಲಸಕ್ಕೆಂದು ಓಸ್ಲೋದಲ್ಲಿದ್ದೆ. ನಮ್ಮ ಮಕ್ಕಳು ಅಂಬೆಗಾಲಿಟ್ಟಿದ್ದು, ನಡೆದಿದ್ದು ಎಲ್ಲ ಅಲ್ಲೇ. ನಾರ್ವೆಯಲ್ಲಿ ಎರಡು ವರ್ಷದ ಮಕ್ಕಳ ಕಾಲಿಗೆ ಸ್ಕೀ ಕಟ್ಟುತ್ತಾರೆ, ಅದು ನಿಜ. ಆದರೆ ಹೇಗೆ ಕಟ್ಟುತ್ತಾರೆ ನೋಡಿ. ಮನೆ ಮುಂದಿನ ಸಪಾಟಾದ ಜಾಗ. ಮಾಮೂಲಿ ಚಳಿ ಬೂಟಿಗೇ ಪಟ್ಟಿಯಿಂದ ಬಿಗಿಯುವ ಹಗುರ ಸ್ಕೀ. ಕೈಗೆ ಕೋಲು ಕೊಡುವುದಿಲ್ಲ. ಮಗು ನಾಲ್ಕು ಹೆಜ್ಜೆ ಹಾಕುತ್ತದೆ, ಬೀಳುತ್ತದೆ, ಕೂತು ಹಿಮ ತಿನ್ನುತ್ತದೆ. ಅಲ್ಲಿಗೆ ಆ ದಿನದ ಪಾಠ ಮುಗಿಯಿತು. ಇಳಿಜಾರಿನ ಸ್ಕೀಗೆ ಬೇಕಾದ ಬೂಟು ಬೇರೆಯೇ. ಗಟ್ಟಿ ಪ್ಲಾಸ್ಟಿಕ್, ಭಾರ ಜಾಸ್ತಿ, ಕಣಕಾಲು ಬಗ್ಗಿಸಲು ಕಷ್ಟ. ಹಿಮವನ್ನೇ ಕಾಣದ ಮಗುವಿಗೆ ಅದನ್ನು ತೊಡಿಸಿದರೆ ನಿಲ್ಲಲೂ ಆಗದೆ ಅಳುತ್ತದೆ, ಅಷ್ಟೇ. ಯುರೋಪಿನ ಸ್ಕೀ ಶಾಲೆಗಳಲ್ಲೂ ಗುಂಪು ಪಾಠ ಸಾಮಾನ್ಯವಾಗಿ ಮೂರು-ನಾಲ್ಕು ವರ್ಷದಿಂದ ಶುರು.

ಅಷ್ಟು ಚಿಕ್ಕ ಕಾಲಿಗೆ, ತಲೆಗೆ ಸರಿಯಾಗುವ ಬೂಟು, ಹೆಲ್ಮೆಟ್ ಬಾಡಿಗೆ ಅಂಗಡಿಯಲ್ಲಿ ಸಿಗುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಯಾರಾದರೂ ಮಗುವನ್ನು ಎತ್ತಿಕೊಂಡೇ ಸ್ಕೀ ಮೇಲೆ ಒಂದು ರೌಂಡ್ ಹಾಕಿಸುತ್ತೇನೆ ಎಂದರೂ ಬೇಡ ಅನ್ನಿ. ದೊಡ್ಡವರು ಬಿದ್ದರೆ ಅವರ ಭಾರವೆಲ್ಲ ಮಗುವಿನ ಮೇಲೆ.

ಬಟ್ಟೆ ಪುಣೆಯಲ್ಲೇ ಕೊಳ್ಳಿ. ಡೆಕಾಥ್ಲಾನ್‌ನಲ್ಲಿ ಮಕ್ಕಳ ಹಿಮದ ಬಟ್ಟೆ ಸಿಗುತ್ತದೆ. ಬಾಡಿಗೆಯ ಕೋಟು, ಗಂಬೂಟು ಮಗುವಿಗೆ ದೊಗಳೆಯಾಗುತ್ತವೆ, ಒಳಗೆ ಒದ್ದೆಯೂ ಇರಬಹುದು. ಮೈಗೆ ತಾಗುವ ಬಟ್ಟೆ ಉಣ್ಣೆಯದೋ ಪಾಲಿಯೆಸ್ಟರ್‌ದೋ ಇರಲಿ. ಹತ್ತಿ ಬೇಡವೇ ಬೇಡ. ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈ ತಣ್ಣಗಾಗುತ್ತದೆ. ಅದರ ಮೇಲೆ ಫ್ಲೀಸ್ ಅನ್ನುವ ಮೆತ್ತನೆಯ ಬೆಚ್ಚನೆ ಬಟ್ಟೆ, ಹೊರಗೆ ನೀರು ಒಳಬಿಡದ ಜಾಕೆಟ್, ಭುಜಕ್ಕೆ ಪಟ್ಟಿ ಇರುವ ಪ್ಯಾಂಟ್. ಕಾಲುಚೀಲ ಉಣ್ಣೆಯದು, ಒಂದೇ ಜೊತೆ. ಎರಡೆರಡು ತುರುಕಿದರೆ ಬೂಟು ಬಿಗಿಯಾಗಿ ರಕ್ತ ಸರಿಯಾಗಿ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ನಾನು ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಕೈಗವಸಿನ ಬಗ್ಗೆ. ಬೆರಳು ಬೇರೆ ಬೇರೆ ಇರುವುದು ಬೇಡ. ನಾಲ್ಕೂ ಬೆರಳು ಒಂದೇ ಚೀಲದೊಳಗೆ ಇರುವುದೇ ಬೆಚ್ಚಗೆ, ತೊಡಿಸುವುದೂ ಸುಲಭ. ಮಣಿಕಟ್ಟಿಗಿಂತ ಮೇಲಕ್ಕೆ ಬರುವಂಥದ್ದು ತೊಗೊಳ್ಳಿ, ಇಲ್ಲದಿದ್ದರೆ ತೋಳಿನ ಸಂದಿಯಲ್ಲಿ ಹಿಮ ನುಗ್ಗುತ್ತದೆ. ಅದಕ್ಕೇ ನಾರ್ವೆಯ ಶಿಶುವಿಹಾರಗಳಲ್ಲಿ ಪ್ರತಿ ಮಗುವಿಗೂ ಬದಲಿ ಕೈಗವಸು ಇಟ್ಟಿರಲು ಹೇಳುತ್ತಾರೆ. ಕೈ ಒದ್ದೆಯಾಯಿತೋ, ಆಟ ಮುಗಿಯಿತು.

ಹೊರಡುವ ಮೊದಲು ಮನೆಯಲ್ಲೇ ಬೂಟು, ಕೈಗವಸು ತೊಡಿಸಿ ಸ್ವಲ್ಪ ಹೊತ್ತು ಆಡಲು ಬಿಡಿ. ಸ್ವೆಟರ್‌ಗೇ ಅಳುವ ಮಗು ಅಂದಿರಲ್ಲ, ಈ ರೂಢಿ ಬಹಳ ಮುಖ್ಯ. ಎಲ್ಲವೂ ಒಂದೇ ದಿನ ಹೊಸದಾದರೆ ಮಕ್ಕಳು ಹೆದರುತ್ತಾರೆ.

ಮಾಟುಂಗಾ:

ಪುಣೆಯಿಂದ ಮುಂಬೈಗೆ ಬರುವುದಿದ್ದರೆ ಕುರ್ಲಾದ ಫೀನಿಕ್ಸ್ ಮಾಲ್‌ನಲ್ಲಿರುವ ಕೃತಕ ಹಿಮದ ಆಟದ ಜಾಗ ಸ್ನೋ ವರ್ಲ್ಡ್‌ಗೆ ಒಮ್ಮೆ ಹೋಗಿ ಬನ್ನಿ. ಎಷ್ಟು ವಯಸ್ಸಿನವರನ್ನು ಬಿಡುತ್ತಾರೆ ಎಂದು ಮೊದಲೇ ಫೋನ್ ಮಾಡಿ ಕೇಳಿ. ಒಳಗೆ ಸೊನ್ನೆಗಿಂತ ಕೆಳಗಿನ ಚಳಿ. ನಿಮ್ಮದೇ ಬಟ್ಟೆ ಹಾಕಿಸಿ, ಎಲ್ಲಿಂದ ಗಾಳಿ ನುಗ್ಗುತ್ತದೆ ಎಂದು ಅಲ್ಲೇ ಗೊತ್ತಾಗುತ್ತದೆ. ನಾವು ಮೊಮ್ಮಗನಿಗೆ ಹಾಗೇ ಮಾಡಿದೆವು.

ಕೋಥ್ರೂಡ್ ಅಮ್ಮ:

ತುಂಬಾ ಥ್ಯಾಂಕ್ಸ್. ಔಂಧ್ ಸರ್, ನಿಮ್ಮ ಉತ್ತರವನ್ನು ಯಜಮಾನರಿಗೆ ಓದಿ ಹೇಳಿದೆ. ಸ್ಕೀ ಇಲ್ಲದಿದ್ದರೆ ಅಷ್ಟು ದೂರ ಹೋಗಿ ಮಗು ಏನು ಮಾಡಬೇಕು ಅಂತಾರೆ. ಮನಾಲಿಯಿಂದ ಅಟಲ್ ಸುರಂಗ ದಾಟಿ ಆಚೆಯ ಸಿಸ್ಸು ಹಳ್ಳಿಗೂ ಹೋಗೋಣ ಅಂತಿದ್ದಾರೆ.

ಔಂಧ್ ಅಪ್ಪ:

ಮಾಡಲು ಬೇಕಾದಷ್ಟಿದೆ. ಒಂದು ಪ್ಲಾಸ್ಟಿಕ್ ಬಕೆಟ್, ಎರಡು ಸೌಟು, ಹಳೆಯ ಡಬ್ಬಿ ಒಯ್ಯಿರಿ. ಸ್ಪ್ರೇ ಬಾಟಲಿಯಲ್ಲಿ ಕೇಸರಿಭಾತಿಗೆ ಹಾಕುವ ಬಣ್ಣ ಬೆರೆಸಿದ ನೀರು ಕೊಡಿ, ಹಿಮದ ಮೇಲೆ ಚಿತ್ರ ಬಿಡಿಸುತ್ತಾಳೆ. ಮೊದಲು ನಿಮ್ಮ ತೊಡೆಯ ಮೇಲೆ ಕೂತೇ ಮುಟ್ಟಲಿ, ಕೆಳಗಿಳಿಸಲು ಅವಸರ ಬೇಡ. ಹಗ್ಗ ಕಟ್ಟಿದ ಸ್ಲೆಡ್ (ಹಿಮದ ಮೇಲೆ ಜಾರುವ ಗಾಡಿ) ಸಿಕ್ಕರೆ ಸಪಾಟಿನಲ್ಲಿ ಎಳೆಯಿರಿ. ಜಾರುವುದಾದರೆ ಗಿಡ್ಡ ಇಳಿಜಾರು ಸಾಕು. ಕೆಳಗೆ ತಾನಾಗಿ ನಿಲ್ಲುವಷ್ಟು ಖಾಲಿ ಜಾಗ ಇರಬೇಕು. ಮರ, ಬಂಡೆ, ಸ್ನೋ ಸ್ಕೂಟರ್ ಓಡಾಡುವ ದಾರಿ ಹತ್ತಿರ ಇರಬಾರದು.

ಇಪ್ಪತ್ತು ನಿಮಿಷ ಆಡಿ ಒಳಗೆ ಬಂದು ಬಿಸಿ ಹಾಲು ಕುಡಿಸಿ, ಮತ್ತೆ ಹೋಗಿ. ಚಳಿ ನೋಡಲು ಕೈ ಮುಟ್ಟಬೇಡಿ, ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ. ಡೈಪರ್ ಒಣಗಿದೆಯಾ ಅಂತಲೂ ನೋಡುತ್ತಿರಿ.

ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಮನಾಲಿ ಸುಮಾರು 2,000, ಸಿಸ್ಸು 3,100. ಅದಕ್ಕೆ ಎತ್ತರಕ್ಕೆ ಮೈ ಒಗ್ಗಲೆಂದು ಮೊದಲ ಎರಡು ದಿನ ಮನಾಲಿಯಲ್ಲೇ ಇರಿ. ಸುರಂಗ 9 ಕಿಲೋಮೀಟರ್ ಮಾತ್ರ, ಹೋಗಿ ಬರುವುದು ಸುಲಭ. ಆದರೆ ಜೋರು ಹಿಮ ಬಿದ್ದ ದಿನ ರಸ್ತೆ ಮುಚ್ಚುತ್ತದೆ. ಆದ್ದರಿಂದ ಮಗುವನ್ನು ಕಟ್ಟಿಕೊಂಡು ಆ ಕಡೆ ರಾತ್ರಿ ಉಳಿಯಬೇಡಿ.

ಯಜಮಾನರಿಗೆ ಹೇಳಿ, ನಾಲ್ಕು ತುಂಬಿದ ಮೇಲೆ ಸ್ಕೀ ಕಲಿಸೋಣ. ಎರಡೂ ಸ್ಕೀಗಳ ಮುಂದಿನ ತುದಿ ಕೂಡಿಸಿ ಹಿಂದೆ ಅಗಲಿಸಿ ನಿಂತರೆ ವೇಗ ತಗ್ಗುತ್ತದೆ. ಮಕ್ಕಳಿಗೆ ಅದನ್ನು ಪಿಜ್ಜಾ ಅಂತ ಹೇಳಿಕೊಡುತ್ತಾರೆ. ಆ ಮಾತು ಕೇಳಿ ಅದರಂತೆ ಕಾಲು ತಿರುಗಿಸುವಷ್ಟು ದೊಡ್ಡವಳಾಗಲಿ.

ಮಡಗಾಂವ್ ಡಾಕ್ಟರ್:

ನಾನು ಮಕ್ಕಳ ಡಾಕ್ಟರ್. ಮೇಲಿನದೆಲ್ಲ ಸರಿಯಾಗಿದೆ. ಇನ್ನು ಕೆಲವು ಮಾತು ಸೇರಿಸುತ್ತೇನೆ.

ಹಿಮದಲ್ಲಿ ಕೂತ ಮಗುವನ್ನು ಒಂದೇ ಕೈ ಹಿಡಿದು ಎಳೆದು ಎಬ್ಬಿಸಬೇಡಿ. ಈ ವಯಸ್ಸಿನಲ್ಲಿ ಮೊಣಕೈಯ ಮೂಳೆ ಸುಲಭವಾಗಿ ಸರಿಯುತ್ತದೆ. ಕಂಕುಳಿಗೆ ಕೈ ಹಾಕಿ ಎತ್ತಿ. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಶೇಕಡಾ 80ರವರೆಗೂ ಹಿಂದಕ್ಕೆ ಎಸೆಯುತ್ತದೆ. ಮೋಡ ಇದ್ದರೂ ಸನ್‌ಸ್ಕ್ರೀನ್ ಹಚ್ಚಿ, ಗದ್ದದ ಕೆಳಗೂ ಹಚ್ಚಿ. ಕಪ್ಪು ಕನ್ನಡಕ ಬೇಕೇ ಬೇಕು. ಬೆರಳು, ಕಿವಿ, ಮೂಗಿನ ತುದಿ ಬಿಳಚಿಕೊಂಡರೆ ತಿಕ್ಕಬೇಡಿ. ಒಳಗೆ ತಂದು ನಿಮ್ಮ ಮೈಯ ಬಿಸಿ ತಾಗಿಸಿ. ಬಣ್ಣ, ಸ್ಪರ್ಶ ಬೇಗ ಮರಳದಿದ್ದರೆ ಆಸ್ಪತ್ರೆಗೆ ಹೋಗಿ.

ತಲೆನೋವು ಅಂತ ಹೇಳಲು ಎರಡೂವರೆಯ ಮಗುವಿಗೆ ಬರುವುದಿಲ್ಲ. ಎತ್ತರಕ್ಕೆ ಹೋದ ಮೇಲೆ ಸುಮ್ನೆ ರಚ್ಚೆ ಹಿಡಿದರೆ, ಊಟ ಬಿಟ್ಟರೆ, ವಾಂತಿ ಮಾಡಿದರೆ, ಅದು ಎತ್ತರದಿಂದಲೇ ಎಂದುಕೊಂಡು ಕೆಳಗಿಳಿಯಿರಿ. ಹೊರಡುವ ವಾರ ನೆಗಡಿ, ಕಿವಿನೋವು ಇದ್ದರೆ ನಿಮ್ಮ ಡಾಕ್ಟರ್‌ಗೆ ಮೊದಲು ತೋರಿಸಿ. ಅತ್ತೆಯವರಿಗೆ ಭಯ ಇರುವುದು ಸಹಜ. ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ಕೋಥ್ರೂಡ್ ಅಮ್ಮ:

ಓದಿ ಹೇಳಿದೆ ಡಾಕ್ಟ್ರೇ. ಉಣ್ಣೆಯ ಟೋಪಿ ತಾವೇ ಹೆಣೆಯುತ್ತೇನೆ ಅಂದರು. ಸ್ಕೀ ಬಿಟ್ಟೆವು. ಸಿಸ್ಸುಗೆ ಹವಾಮಾನ ನೋಡಿ ಹಗಲು ಹೋಗಿ ಬರುತ್ತೇವೆ. ಕೈಗವಸು ಈ ಭಾನುವಾರ ಕೊಳ್ಳುತ್ತೇವೆ.