ಬಿಸಿಲೇರಿದಷ್ಟೂ ಮೀಟರ್ ಓಡುತ್ತದೆ: ಪ್ಲಗ್ ಸೋಲಾರ್ ಹಾಕಿದ ಮೇಲೆ ಬಿಲ್ ಹೆಚ್ಚಾಗಿದೆ

ವಿದ್ಯಾನಗರದ ಬಾಡಿಗೆದಾರಳು:
ದಾವಣಗೆರೆಯಲ್ಲಿ ಬಾಡಿಗೆ ಮನೆ. ಗೃಹಜ್ಯೋತಿಯಲ್ಲಿ ನಮಗೆ 118 ಯೂನಿಟ್ ಉಚಿತ. ಎಲೆಕ್ಟ್ರಿಕ್ ಸ್ಕೂಟರ್ ಬಂದ ಮೇಲೆ ಬಳಕೆ 128ಕ್ಕೆ ಏರಿತು. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದೆಂದು 540 ವಾಟ್‌ನ ಒಂದು ಪ್ಯಾನೆಲ್ ಮತ್ತು ಅದರ ಕರೆಂಟನ್ನು ಮನೆಯ ಲೈನಿಗೆ ಸೇರಿಸಲು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಮೈಕ್ರೋ ಇನ್ವರ್ಟರ್ ತಂದೆ. ಈ ತಿಂಗಳ ಲೆಕ್ಕ 155! ಹಗಲು ಮನೆಯಲ್ಲಿ ಫ್ರಿಜ್ ಬಿಟ್ಟು ಏನೂ ಓಡುವುದಿಲ್ಲ, ಸ್ಕೂಟರ್ ನನ್ನ ಜೊತೆ ಕಚೇರಿಯಲ್ಲಿರುತ್ತದೆ. ಕರೆಂಟು ಹೋದಾಗ ಪ್ಯಾನೆಲ್ ಕೂಡ ನಿಂತುಬಿಡುತ್ತದೆ. ಪ್ಯಾನೆಲ್ ಕೆಟ್ಟಿದೆಯೇ?

ಮಿರ್ಚಿ ಮಂಡಕ್ಕಿ:
ಮಂಡಕ್ಕಿ ಭಟ್ಟಿಗಳ ಮಸಿ ಕೂತಿರಬೇಕು. ಒಮ್ಮೆ ಒರೆಸಿ ನೋಡಿ.

ದುರ್ಗದ ವೈರ್‌ಮನ್:
ಮಸಿ ಕೂತರೆ ಉತ್ಪಾದನೆ ಇಳಿಯುತ್ತದೆ, ಬಿಲ್ ಏರುವುದಿಲ್ಲ. ಮೇಡಂ, ಭಾನುವಾರ ಮಧ್ಯಾಹ್ನ ಇನ್ವರ್ಟರ್ ಸಿಕ್ಕಿಸಿದ ಪ್ಲಗ್ ಒಂದನ್ನು ಬಿಟ್ಟು ಫ್ರಿಜ್, ಫ್ಯಾನ್, ಯುಪಿಎಸ್ ಎಲ್ಲವನ್ನೂ ಆರಿಸಿ. ಮೀಟರಿನ ಕೆಂಪು ದೀಪ ಒಂದು ನಿಮಿಷದಲ್ಲಿ ಎಷ್ಟು ಸಲ ಮಿಣುಕುತ್ತದೆ, ಎಣಿಸಿ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂಬುದು ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ.

ವಿದ್ಯಾನಗರದ ಬಾಡಿಗೆದಾರಳು:
ಮೆಟ್ಟಿಲ ಕೆಳಗೆ ಕೂತು ಎರಡು ಸಲ ಎಣಿಸಿದೆ, 21. ಮೀಟರಿನ ಮೇಲೆ 3200 ಎಂದಿದೆ. ಪ್ಲಗ್ ಕಿತ್ತ ಕೂಡಲೇ ದೀಪ ನಿಶ್ಚಲವಾಯಿತು.

ದುರ್ಗದ ವೈರ್‌ಮನ್:
21ನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ ಸುಮಾರು 390 ವಾಟ್. ಅದು ನಿಮ್ಮ ಪ್ಯಾನೆಲ್ಲಿನದೇ ಕರೆಂಟು. ಮನೆಯಲ್ಲಿ ಖರ್ಚಾಗದೆ ಉಳಿದದ್ದು ಹೊರಗೆ ಹರಿಯುತ್ತಿದೆ. ಕಳ್ಳತನ ತಡೆಯಲೆಂದು ಇಂಥ ಮೀಟರುಗಳು ಕರೆಂಟು ಯಾವ ದಿಕ್ಕಿಗೆ ಹರಿದರೂ ಬಳಕೆ ಎಂದೇ ಬರೆದುಕೊಳ್ಳುತ್ತವೆ. ನೀವು ಊರಿಗೆ ಕರೆಂಟು ದಾನ ಮಾಡಿ, ಅದಕ್ಕೆ ಬಿಲ್ಲನ್ನೂ ಕಟ್ಟುತ್ತಿದ್ದೀರಿ.

ಜರ್ಮನಿಯಲ್ಲಿ 800 ವಾಟ್‌ವರೆಗಿನ ಇನ್ವರ್ಟರನ್ನು ಬಾಲ್ಕನಿಯಿಂದ ಹೀಗೆ ಸಿಕ್ಕಿಸಲು ಕಾನೂನೇ ಇದೆ. ಆ ವಿಡಿಯೋಗಳನ್ನು ತೋರಿಸಿ ಇಲ್ಲಿ ಮಾರುತ್ತಾರೆ. ನಮ್ಮಲ್ಲಿ ಬೆಸ್ಕಾಂ ಅನುಮತಿ ಮತ್ತು ಎರಡೂ ದಿಕ್ಕನ್ನು ಬೇರೆಬೇರೆಯಾಗಿ ಅಳೆಯುವ ಮೀಟರ್ ಬೇಕು. ಆರ್.ಆರ್. ಸಂಖ್ಯೆ (ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಮಾಲೀಕರ ಹೆಸರಿನಲ್ಲಿದ್ದರೆ ಅರ್ಜಿಗೆ ಅವರೇ ಬರಬೇಕು. ಆದ್ದರಿಂದ ಆ ಪ್ಲಗ್ಗನ್ನು ಇವತ್ತೇ ಕಿತ್ತಿಡಿ. ಕರೆಂಟು ಹೋದಾಗ ಇನ್ವರ್ಟರ್ ನಿಲ್ಲುವುದು ದೋಷವಲ್ಲ, ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಸುವ ವ್ಯವಸ್ಥೆ. ಆದರೆ ಯುಪಿಎಸ್ ಲೈನಿನ ಪ್ಲಗ್ಗಿಗೆ ಸಿಕ್ಕಿಸಿದ್ದರೆ ಅದು ಮೋಸಹೋಗುತ್ತದೆ: ಯುಪಿಎಸ್ ಕೊಡುವ ಕರೆಂಟನ್ನೇ ಬೆಸ್ಕಾಂ ಲೈನ್ ಎಂದುಕೊಂಡು ಹಿಂದಕ್ಕೆ ತಳ್ಳಿ ಯುಪಿಎಸ್ಸನ್ನೇ ಸುಡಬಹುದು.

ಪ್ಯಾನೆಲ್ ವ್ಯರ್ಥವಾಗುವುದಿಲ್ಲ. ಮನೆಯ ಯುಪಿಎಸ್ ಬ್ಯಾಟರಿಗೆ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್ಲಿನ ಹೆಚ್ಚಿನ ವೋಲ್ಟೇಜನ್ನು ವ್ಯರ್ಥ ಮಾಡದೆ ಬ್ಯಾಟರಿಗೆ ಹೊಂದಿಸುವ ಸಾಧನ) ಮೂಲಕ ಜೋಡಿಸಿ. ಬಿಸಿಲಿದ್ದಾಗ ಯುಪಿಎಸ್‌ಗೆ ಬರುವ ಮೇನ್ಸನ್ನು ತಾನೇ ಕಡಿಯುವಂಥದ್ದೇ ಇರಲಿ, ಫ್ರಿಜ್ ಅದರ ಮೇಲೆ ಓಡಲಿ. ಅಗ್ಗದ ಪಿಡಬ್ಲ್ಯೂಎಂ ಎಂಬ ಬಗೆಯ ಕಂಟ್ರೋಲರ್ ಬೇಡ. ಈ ಪ್ಯಾನೆಲ್ ಕೆಲಸ ಮಾಡುವುದು 40 ವೋಲ್ಟ್ ಆಸುಪಾಸಿನಲ್ಲಿ; ಪಿಡಬ್ಲ್ಯೂಎಂ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಮೂರನೇ ಎರಡು ಭಾಗ ನುಂಗುತ್ತದೆ. ಬ್ಯಾಟರಿ 150 ಆಂಪಿಯರ್ ಅವರ್‌ನದಾದರೆ ಚಾರ್ಜಿಂಗ್ ಮಿತಿಯನ್ನು 15 ಆಂಪಿಯರ್‌ಗೆ ಇಡಿಸಿ, ಇಲ್ಲವಾದರೆ ನೀರು ಬೇಗ ಆರುತ್ತದೆ.

ಹೊಳಲ್ಕೆರೆ ಕಾರು:
ಸರ್, ಇದೇ ರೀತಿ ಎರಡು ಪ್ಯಾನೆಲ್ ಮತ್ತು ಆಫ್‌ಗ್ರಿಡ್ (ಬೆಸ್ಕಾಂ ಲೈನಿಗೆ ಸೇರದ) ಇನ್ವರ್ಟರಿನಿಂದ ಎಲೆಕ್ಟ್ರಿಕ್ ಕಾರು ಚಾರ್ಜ್ ಆಗುವುದೇ? ನನ್ನ ಚಾರ್ಜರಿನಲ್ಲಿ ಕೆಂಪು ದೀಪ ಬರುತ್ತದೆ.

ದುರ್ಗದ ವೈರ್‌ಮನ್:
ಕಾರಿನ ಚಾರ್ಜಿಂಗ್ 6 ಆಂಪಿಯರ್‌ಗಿಂತ ಕೆಳಗೆ ಇಳಿಯುವುದಿಲ್ಲ, ಅಂದರೆ 230 ವೋಲ್ಟಿಗೆ 1380 ವಾಟ್. ಎರಡು ಪ್ಯಾನೆಲ್ ನಡುಮಧ್ಯಾಹ್ನವೂ ಅಷ್ಟು ಕೊಡುವುದಿಲ್ಲ. ಕೆಂಪು ದೀಪ ಬಹುಶಃ ಅರ್ಥಿಂಗ್‌ನದು: ಇಂಥ ಇನ್ವರ್ಟರಿನಲ್ಲಿ ನ್ಯೂಟ್ರಲ್ ಅರ್ಥಿಗೆ ಸೇರಿರುವುದಿಲ್ಲ, ಚಾರ್ಜರ್ ಅನುಮಾನಿಸುತ್ತದೆ. ಯಾರೋ ಹೇಳಿದರೆಂದು ನೀವೇ ತಂತಿ ಸೇರಿಸಲು ಹೋಗಬೇಡಿ.

ವಿದ್ಯಾನಗರದ ಬಾಡಿಗೆದಾರಳು:
ನಿಮ್ಮ ಮಾತಿನಂತೆ ಮಾಡಿಸಿ ತಿಂಗಳಾಯಿತು. ಈ ಸಲ 112 ಯೂನಿಟ್. ಸ್ಕೂಟರ್ ಈಗಲೂ ರಾತ್ರಿಯೇ ಚಾರ್ಜ್ ಆಗುತ್ತದೆ. ಮೈಕ್ರೋ ಇನ್ವರ್ಟರನ್ನು ಅಂಗಡಿಯವರು ವಾಪಸ್ ಪಡೆಯಲಿಲ್ಲ, ಅಟ್ಟದ ಮೇಲಿದೆ.