ಲಡ್ಡುಗೆ ಕುದುರೆಮುಖ ಬೇಡ, ನಮ್ಮ ಮನೆಗೆ ಕರೆದುಕೊಂಡು ಬಾ

ಪುಟ್ಟೀ, ನಿನ್ನ ಮೆಸೇಜು ಈಗ ನೋಡಿದೆ. ಬೆಳಗ್ಗೆಯಿಂದ ತೋಟದಲ್ಲಿದ್ದೆ, ಅಲ್ಲಿ ನೆಟ್‌ವರ್ಕ್ ಇಲ್ಲ. ನೀನು ಕೇಳಿದ್ದು ಇಷ್ಟು ತಾನೇ: ನವೆಂಬರ್ ಕೊನೆಗೆ ನಾಲ್ಕು ದಿನ ರಜೆ ಹಾಕಿದ್ದೀಯ, ಲಡ್ಡುನ ಕರೆದುಕೊಂಡು ಕುದುರೆಮುಖ ಹತ್ತಬೇಕು ಅಂತಿದ್ದೀಯ, ಚಳಿ ಶುರುವಾಗುವ ಹೊತ್ತಿನಲ್ಲಿ ನಾಯಿಗೆ ಬೆಟ್ಟ ಒಗ್ಗುತ್ತದಾ ಅಂತ. ಅದಕ್ಕೆ ನಮ್ಮ ಮನೆ ಗ್ರೂಪಿನಲ್ಲಿ ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದಾರೆ. ಚಿಕ್ಕಪ್ಪ ಅಂತೂ "ಧಾರಾಳವಾಗಿ ಹೋಗು, ಹಂದಿ ಗಿಂದಿ ಬಂದರೆ ಲಡ್ಡುನೇ ಓಡಿಸುತ್ತಾನೆ" ಅಂತ ಬರೆದಿದ್ದಾರೆ. ಈ ಹನ್ನೊಂದು ಜನರಲ್ಲಿ ನಾಯಿ ಸಾಕಿದವರು ಒಬ್ಬರೂ ಇಲ್ಲ. ನನ್ನ ಕೈಯೆಲ್ಲ ಅಡಿಕೆ ಚೊಗರು, ಟೈಪ್ ಮಾಡಲಾಗುವುದಿಲ್ಲ. ಫೋನಿಗೆ ಹೇಳುತ್ತಾ ಹೋಗುತ್ತೇನೆ, ಅದೇ ಬರೆದುಕೊಳ್ಳಲಿ. ಉದ್ದ ಆಗುತ್ತದೆ, ಬೈಯಬೇಡ.

ಕುದುರೆಮುಖ ಆಗುವುದಿಲ್ಲ. ಅದು 1987ರಿಂದ ರಾಷ್ಟ್ರೀಯ ಉದ್ಯಾನ, ನಾಯಿ ಒಳಗೆ ಬಿಡುವುದಿಲ್ಲ. ಹಾಗಾದರೆ ಕೊಡಚಾದ್ರಿ ಅಂತ ಕೇಳಬೇಡ, ಅದು ಮೂಕಾಂಬಿಕಾ ವನ್ಯಧಾಮದಲ್ಲಿದೆ. ಕುಮಾರಪರ್ವತ ಪುಷ್ಪಗಿರಿ ವನ್ಯಧಾಮದಲ್ಲಿದೆ. ಅಲ್ಲೂ ಅದೇ ಕಥೆ. ರಾತ್ರಿಯಿಡೀ ಕಾರು ಓಡಿಸಿಕೊಂಡು ಹೋಗಿ ಗೇಟಿನ ಹತ್ತಿರ ಗಾರ್ಡ್ ಜೊತೆ ಜಗಳ ಆಡುವುದು, ಆಮೇಲೆ ಒಬ್ಬರು ಕಾರಲ್ಲಿ ನಾಯಿ ಕಾಯುತ್ತಾ ಕೂರುವುದು, ಯಾಕೆ ಬೇಕು?

ನಿನಗೆ ಸಿಟ್ಟು ಬರುತ್ತದೆ ಅಂತ ಗೊತ್ತು, "ಲಡ್ಡು ಯಾರಿಗೆ ಏನು ಮಾಡುತ್ತಾನೆ ಅತ್ತೆ" ಅಂತೀಯ. ಅವನೇನೂ ಮಾಡಲ್ಲ. ಅವನ ಮೈಮೇಲೆ ಹೋಗುವ ಕಾಯಿಲೆ ಮಾಡುತ್ತದೆ. ಗುಜರಾತಿನ ಗಿರ್ ಕಾಡಿನಲ್ಲಿ 2018ರಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸಿಂಹಗಳು ಸತ್ತವಲ್ಲ, ಅಲ್ಲಿ ಸಿಕ್ಕಿದ್ದು ಡಿಸ್ಟೆಂಪರ್ ವೈರಸ್ಸು. ನಾಯಿಮರಿಗೆ ಲಸಿಕೆ ಹಾಕಿಸುತ್ತೇವಲ್ಲ, ಅದೇ ಡಿಸ್ಟೆಂಪರ್. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಸುಮಾರು ಸಾವಿರ ಸಿಂಹ ಹೋದವು, ಅದಕ್ಕೂ ಇದೇ ಕಾರಣ. ನಮ್ಮ ಘಟ್ಟದಲ್ಲಿ ಸಿಂಹ ಇಲ್ಲ, ಆದರೆ ಸೀಳುನಾಯಿ ಇವೆ. ಅವು ಲಡ್ಡುನ ದಾಯಾದಿಗಳೇ, ಅವನಿಗೆ ಬರುವ ಕಾಯಿಲೆ ಅವಕ್ಕೂ ಬರುತ್ತದೆ. ಅವಕ್ಕೆ ಲಸಿಕೆ ಹಾಕುವವರು ಯಾರು? ಲಡ್ಡುಗೆ ಲಸಿಕೆ ಆಗಿದೆ, ಸರಿ. ಗೇಟಿನಲ್ಲಿ ನಿಂತ ಗಾರ್ಡು ಎಲ್ಲರ ನಾಯಿಯ ಕಾರ್ಡು ನೋಡುತ್ತಾ ಕೂರುವುದಕ್ಕಾಗುತ್ತದಾ? ನಾಯಿ ಸಾಕಿದವಳಾಗಿಯೂ ಈ ನಿಯಮ ಸರಿ ಅಂತಲೇ ನಾನು ಹೇಳುತ್ತೇನೆ.

ಇನ್ನು ಚಿರತೆ. ಮಹಾರಾಷ್ಟ್ರದ ಅಕೋಲೆ ಅಂತ ಒಂದು ಕಡೆ, ಕಬ್ಬಿನ ಗದ್ದೆ ಇರುವ ಊರುಗಳು, ಅಲ್ಲಿ ಚಿರತೆ ಹಿಕ್ಕೆ ಆರಿಸಿ ಪರೀಕ್ಷೆ ಮಾಡಿದರೆ ಅವು ತಿಂದ ಮಾಂಸದಲ್ಲಿ ನಾಯಿಯ ಪಾಲೇ ಎಲ್ಲಕ್ಕಿಂತ ದೊಡ್ಡದು, ನೂರಕ್ಕೆ 39. ನಮ್ಮ ಊರಲ್ಲಿ ಇದಕ್ಕೆ ಪರೀಕ್ಷೆ ಬೇಕಿಲ್ಲ, ರಾತ್ರಿ ಜಗಲಿಯಲ್ಲಿ ಮಲಗಿದ ನಾಯಿ ಬೆಳಗ್ಗೆ ಇಲ್ಲ ಅಂದರೆ ಯಾರೂ ಹುಡುಕುವುದೇ ಇಲ್ಲ. ಹಾಗಾಗಿ ಟೆಂಟ್ ಹಾಕಿ ಲಡ್ಡುನ ಹೊರಗೆ ಕಟ್ಟುವ ಯೋಚನೆ ಏನಾದರೂ ಇದ್ದರೆ ಬಿಡು.

ಚಿಕ್ಕಪ್ಪ, ನಿಮಗೆ ಉತ್ತರ. ಮಂಡ್ಯದ ಕಡೆ, ಮದ್ದೂರು ತಾಲ್ಲೂಕಿನ ಆತಕೂರು ಅಂತ ಊರು. ಅಲ್ಲಿ ಒಂದು ವೀರಗಲ್ಲು ಸಿಕ್ಕಿದೆ, ಸುಮಾರು 950ನೇ ಇಸವಿಯದು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಮಣಲೇರ ಅಂತ ಒಬ್ಬ ವೀರ ಯುದ್ಧದಲ್ಲಿ ಪರಾಕ್ರಮ ತೋರಿಸಿದ. ಗಂಗರ ರಾಜ ಬೂತುಗ ಏನು ಬೇಕು ಕೇಳು ಅಂದ. ಇವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ನಿಮ್ಮ ಕಾಳಿ ಅನ್ನೋ ನಾಯಿ ಕೊಡಿ ಅಂದ! ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಏನಾಯಿತು ಗೊತ್ತಾ? ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ನಾಯಿ ಹಂದಿ ಕಚ್ಚಾಡುವ ಚಿತ್ರ ಕೆತ್ತಿಸಿ, ಪೂಜೆಗೆ ಅಂತ ಜಮೀನು ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ಪಾಪ ಅಂತಲೂ ಬರೆಸಿದ್ದಾರೆ. ರಾಜನ ಬೇಟೆನಾಯಿಯ ಗತಿಯೇ ಅದು. ನಮ್ಮ ಲಡ್ಡು ಸೋಫಾ ಮೇಲೆ ಮಲಗುವ ಲ್ಯಾಬ್ರಡಾರ್, ಮಿಕ್ಸಿ ಶಬ್ದಕ್ಕೆ ಬಾಲ ಮಡಚುತ್ತಾನೆ.

ಸರಿ, ಬೇಡ ಅನ್ನುವುದು ಮುಗಿಯಿತು. ಈಗ ಬಾ ಅನ್ನುವುದು.

ನೀನು ಸುಮ್ನೆ ಇಲ್ಲಿಗೆ ಬಾ. ಮಳೆ ಬಿಟ್ಟಿದೆ. ದೀಪಾವಳಿ ಪಟಾಕಿಯೂ ಮುಗಿಯಿತು, ನಮ್ಮ ನಾಯಿ ಕರಿಯ ಮೂರು ದಿನ ಮಂಚದ ಕೆಳಗಿಂದ ಹೊರಗೆ ಬಂದಿರಲಿಲ್ಲ. ಗದ್ದೆಯಲ್ಲಿ ಭತ್ತ ಹಣ್ಣಾಗಿದೆ, ತೋಟದಲ್ಲಿ ಅಡಿಕೆ ಕೊನೆ ಕೊಯ್ಲು ಶುರುವಾಗಿದೆ. ಬೆಳಗ್ಗೆ ಎಂಟರವರೆಗೂ ಮಂಜು. ನಾನು, ಕರಿಯ ಆರೂವರೆಗೆ ಹೊರಡುತ್ತೇವೆ. ತೋಟಕ್ಕೆ ಸೊಪ್ಪು ತರುವ ಕಾಡು ಇದೆಯಲ್ಲ, ಆ ಸೊಪ್ಪಿನ ಬೆಟ್ಟ ದಾಟಿ, ಗದ್ದೆ ಅಂಚಿಗೇ ಹೋಗಿ, ಶರಾವತಿ ಹಿನ್ನೀರಿನ ದಡ. ಹೋಗಿ ಬರುವುದಕ್ಕೆ ಐದಾರು ಕಿಲೋಮೀಟರ್ ಇರಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಮುಳುಗಿದ ಕಣಿವೆ ಅದು. ಮಳೆಗಾಲದಲ್ಲಿ ದಡದ ತನಕ ತುಂಬಿದ ನೀರು ಈಗ ನಿಧಾನವಾಗಿ ಇಳಿಯುತ್ತಿದೆ, ನೀರು ಬಿಟ್ಟು ಹೋದ ಜಾಗದಲ್ಲಿ ಹಸಿರು ಹುಲ್ಲು ಚಿಗುರಿದೆ. ಆಚೆ ದಡ ಅಭಯಾರಣ್ಯ, ಅಲ್ಲಿಗೆ ನಾವು ಕಾಲಿಡುವುದಿಲ್ಲ. ಈಚೆ ದಡದಲ್ಲಿ ದನ ಮೇಯುತ್ತವೆ, ನಾಯಿ ನಡೆಯಬಹುದಾದ ಜಾಗ. ಬೆಟ್ಟದ ತುದಿ ಇಲ್ಲ, ಫೋಟೋ ಪಾಯಿಂಟ್ ಇಲ್ಲ. ಆದರೆ ನಾಯಿಗೆ ತುದಿ ಯಾಕೆ ಬೇಕು ಹೇಳು? ಕರಿಯನಿಗೆ ಒಂದು ಹಳೇ ಗೊಬ್ಬರದ ಗುಂಡಿ ಹತ್ತಿರ ಹತ್ತು ನಿಮಿಷ ಬೇಕು. ಮೊದಮೊದಲು ಹಗ್ಗ ಎಳೆಯುತ್ತಿದ್ದೆ. ಈಗ ಅವನು ಮೂಸಿ ಮುಗಿಸುವ ತನಕ ನಿಲ್ಲುತ್ತೇನೆ, ಅಷ್ಟರಲ್ಲಿ ಮಂಗಟ್ಟೆ ಹಾರುವುದು ನೋಡುತ್ತೇನೆ.

ಹಗ್ಗ ಮಾತ್ರ ಬಿಡುವುದಿಲ್ಲ. ಭತ್ತ ಹಣ್ಣಾಗುವ ಹೊತ್ತಿಗೆ ಹಂದಿ ಬರುತ್ತವೆ, ಹಂದಿಗೆ ಅಂತ ಕೆಲವರು ಬೇಲಿ ಸಂದಿಯಲ್ಲಿ ಉರುಳು ಹಾಕುತ್ತಾರೆ. ತಂತಿಯ ಕುಣಿಕೆ, ಎಳೆದಷ್ಟೂ ಬಿಗಿಯುತ್ತದೆ. ಇನ್ನೂ ಕೆಟ್ಟವರು ತಿಂಡಿಯೊಳಗೆ ಸಿಡಿಮದ್ದು ಇಡುತ್ತಾರೆ. ಎರಡೂ ಕಾನೂನಿಗೆ ವಿರುದ್ಧ, ಎರಡೂ ನಡೆಯುತ್ತಲೇ ಇವೆ. ದಾರಿಯಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ಜಾತಿ ನಿನ್ನ ಲಡ್ಡು, ಅವನನ್ನು ಬೇಲಿ ಪಕ್ಕ ಬಿಡಲೇಬೇಡ. ಇನ್ನೊಂದು, ಈಗ ಕಾರ್ತಿಕ ಅಲ್ವಾ, ಊರ ನಾಯಿಗಳು ಗುಂಪು ಕಟ್ಟಿಕೊಂಡು ತಿರುಗುತ್ತಿರುತ್ತವೆ, ಕೆಲವು ಆಗಲೇ ಮರಿ ಹಾಕಿವೆ. ಮರಿ ಇರುವ ತಾಯಿ ಹತ್ತಿರ ಹೋದರೆ ಕರಿಯನಂಥ ಊರವನನ್ನೇ ಬಿಡುವುದಿಲ್ಲ, ಪೇಟೆಯವನನ್ನು ಬಿಡುತ್ತದಾ? ದೂರದಿಂದ ಸುತ್ತಿ ಹೋಗೋಣ.

ಈಗ ಉಣುಗು, ಅಂದರೆ ಉಣ್ಣೆ ಹುಳ. ಇದನ್ನು ಸರಿಯಾಗಿ ಕೇಳಿಸಿಕೋ.

ಮಳೆಗಾಲದಲ್ಲಿ ಎಲ್ಲರೂ ಉಂಬಳ ಉಂಬಳ ಅಂತ ಕಿರುಚುತ್ತಾರೆ, ನೆಲದ ಜಿಗಣೆ ಅದು. ಉಂಬಳ ಕಚ್ಚಿದರೆ ರಕ್ತ ಹೋಗುತ್ತದೆ, ತುರಿಸುತ್ತದೆ, ಮುಗಿಯಿತು. ಮಳೆ ನಿಂತು ದರಕು, ಅಂದರೆ ಉದುರಿದ ಎಲೆ, ಒಣಗುವ ಹೊತ್ತಿಗೆ ಉಂಬಳ ಕಮ್ಮಿ ಆಗಿ ಉಣುಗಿನ ಮರಿಗಳು ಏಳುತ್ತವೆ. ಎಳ್ಳಿಗಿಂತ ಸಣ್ಣವು, ಹುಲ್ಲಿನ ತುದಿಯಲ್ಲಿ ಕಾಲು ಚಾಚಿ ಕೂತಿರುತ್ತವೆ. ಎರಡು ವರ್ಷದ ಹಿಂದೆ ಕರಿಯ ಡಿಸೆಂಬರಿನಲ್ಲಿ ಊಟ ಬಿಟ್ಟ. ಚಳಿಗೆ ಮಂಕಾಗಿದ್ದಾನೆ ಅಂದುಕೊಂಡೆ, ಬೆಲ್ಲ ಅನ್ನ ಕಲಸಿ ಕೊಟ್ಟೆ, ನನ್ನ ದಡ್ಡತನ. ನಾಲ್ಕನೇ ದಿನ ಮೂಗಿಂದ ರಕ್ತ, ಒಸಡು ಸುಣ್ಣದ ಹಾಗೆ ಬಿಳಿ. ಮೊದಲು ತೋರಿಸಿದ ಡಾಕ್ಟರು ರಕ್ತ ಪರೀಕ್ಷೆ ಮಾಡದೆ ಜ್ವರದ ಇಂಜೆಕ್ಷನ್ ಕೊಟ್ಟು ಕಳಿಸಿದರು. ಇನ್ನೊಬ್ಬರು ನೋಡಿದ ತಕ್ಷಣ ರಕ್ತ ತೆಗೆದರು. ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿತ್ತು. ಎರ್ಲಿಕಿಯಾ ಅಂತ ಹೆಸರು, ಉಣುಗು ಕಚ್ಚಿ ಬರುವ ಜ್ವರ. ಡಾಕ್ಸಿಸೈಕ್ಲಿನ್ ಮಾತ್ರೆ ಒಂದು ತಿಂಗಳು ನುಂಗಿಸಿದೆ, ತಿಂಗಳಿಡೀ ದೋಸೆಯೊಳಗೆ ಸುತ್ತಿ. ಈಗಲೂ ದೋಸೆ ಕೊಟ್ಟರೆ ಬಿಡಿಸಿ ನೋಡಿ ತಿನ್ನುತ್ತಾನೆ.

ಹಾಗಾಗಿ ನೀನು ಬರುವ ಮೊದಲೇ ಡಾಕ್ಟರ ಹತ್ತಿರ ಹೋಗಿ ಉಣುಗಿನ ಮಾತ್ರೆ ಕೊಡಿಸು. ಅದು ಗುರಾಣಿ ಅಲ್ಲ. ಉಣುಗು ಕಚ್ಚಿದ ಮೇಲೆ ಸಾಯುತ್ತದೆ, ಕಚ್ಚುವ ಮೊದಲು ಅವನ ಕೂದಲಲ್ಲಿ ಕೂತು ನಿನ್ನ ಹಾಸಿಗೆಗೂ ಬರುತ್ತದೆ. ದಿನಾ ಮನೆಗೆ ಬಂದ ಕೂಡಲೇ ಜಗಲಿಯಲ್ಲೇ ಕೂರಿಸಿ ಕಿವಿ ಒಳಗೆ, ಬೆರಳ ಸಂದಿ, ಕಂಕುಳು, ಕೊರಳಪಟ್ಟಿ ಕೆಳಗೆ, ಬಾಲದ ಬುಡ, ಎಲ್ಲ ಕೈಯಾಡಿಸಿ ನೋಡಬೇಕು. ಸಿಕ್ಕರೆ ಚರ್ಮಕ್ಕೆ ತಾಗಿಸಿ ಚಿಮಟದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ, ಬೆಂಕಿಕಡ್ಡಿ ಎಲ್ಲ ಬೇಡ, ಉಗುರಿನಲ್ಲಿ ಹೊಸಕಿ ಸಾಯಿಸುವುದೂ ಬೇಡ.

ಉಣುಗು ಅಂದ ಮೇಲೆ ಮಂಗನ ಕಾಯಿಲೆ ವಿಷಯವೂ ಹೇಳಬೇಕು, ಇಲ್ಲ ಅಂದರೆ ನಿಮ್ಮಮ್ಮ ನಾಳೆ ನನಗೆ ಫೋನ್ ಮಾಡುತ್ತಾಳೆ. ಅದೂ ಉಣುಗು ಕಚ್ಚಿಯೇ ಜನರಿಗೆ ಬರುವ ಜ್ವರ. ಅದು ಮೊದಲು ಗೊತ್ತಾಗಿದ್ದೇ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಜನರಲ್ಲಿ ಜ್ವರ ಡಿಸೆಂಬರಿನಿಂದ ಮೇ ತನಕ ಕಾಣಿಸಿಕೊಳ್ಳುತ್ತದೆ, ಜನವರಿ ಕಳೆದ ಮೇಲೆ ಜಾಸ್ತಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಎಷ್ಟು ಜನ ಹೋದರು ಅಂತ ನಾವು ಇಲ್ಲೇ ಕೂತು ನೋಡಿದ್ದೇವೆ. ಅದಕ್ಕೇ ನವೆಂಬರಿನಲ್ಲೇ ಬಾ ಅನ್ನುತ್ತಿದ್ದೇನೆ, ಶಿವರಾತ್ರಿಗೆ ಬರುತ್ತೇನೆ ಅಂದರೆ ಸೊಪ್ಪಿನ ಬೆಟ್ಟಕ್ಕೆ ಕರೆದುಕೊಂಡು ಹೋಗುವುದಿಲ್ಲ. ಈಗಲೂ ದರಕಿನ ಮೇಲೆ ಕೂರಬಾರದು, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಬೇಕು, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಟ್ಟ ಡೇಪಾ ಎಣ್ಣೆ ಮನೆಯಲ್ಲಿದೆ, ಕೈಕಾಲಿಗೆ ಹಚ್ಚಿಕೋ. ಆ ಎಣ್ಣೆ ನಿನಗೆ, ಲಡ್ಡುಗಲ್ಲ. ಎಲ್ಲಾದರೂ ಮಂಗ ಸತ್ತು ಬಿದ್ದಿದೆ ಅಂತ ಸುದ್ದಿ ಬಂದರೆ ಆ ದಿಕ್ಕಿಗೆ ಹೋಗುವುದೇ ಇಲ್ಲ, ಮನೆಯಲ್ಲಿ ಕೂತು ಅಡಿಕೆ ಸುಲಿಯೋಣ.

ಕುಡಿಯುವ ನೀರು ಬಾಟಲಿಯಲ್ಲಿ ಒಯ್ಯಬೇಕು, ಅವನ ಬಟ್ಟಲು ಬೇರೆ. ನಿಂತ ನೀರಿನಲ್ಲಿ ಇಲಿಜ್ವರ ಇದೆ, ಅದರ ಲಸಿಕೆ ವರ್ಷ ವರ್ಷ ಹಾಕಿಸಿದ್ದೀಯ ತಾನೇ? ಹಳ್ಳದ ನೀರಿನಲ್ಲಿ ಇನ್ನೊಂದು ಜಾತಿ ಜಿಗಣೆ ಇರುತ್ತದೆ, ನೀರು ಕುಡಿಯುವಾಗ ಮೂಗಿನೊಳಗೆ ಹೋಗಿ ವಾರಗಟ್ಟಲೆ ಕೂತುಬಿಡುತ್ತದೆ. ಆಚೆಮನೆ ದನಕ್ಕೂ ಆಗಿತ್ತು, ಕರಿಯನಿಗೂ ಆಯಿತು. ಒಂದೇ ಹೊಳ್ಳೆಯಿಂದ ರಕ್ತ ಒಸರುತ್ತಿತ್ತು, ಆಕ್ಷೀ ಅಂತ ಸೀನುತ್ತಿದ್ದ. ನಾನು ಮತ್ತೆ ಉಣುಗಿನ ಜ್ವರ ಅಂತ ಹೆದರಿದೆ. ಆಚೆಮನೆ ಅಜ್ಜ ಬಂದು, ಅರ್ಧ ದಿನ ನೀರು ಕೊಡಬೇಡ ಅಂದರು, ಆಮೇಲೆ ತಣ್ಣೀರಿನ ಬಟ್ಟಲು ಮೂಗಿನ ಹತ್ತಿರ ಹಿಡಿದರು. ನೀರಿನ ವಾಸನೆಗೆ ಅದು ಮೆಲ್ಲಗೆ ತಲೆ ಹೊರಗೆ ಹಾಕಿತು ನೋಡು, ಬಟ್ಟೆಯಲ್ಲಿ ಹಿಡಿದು ಎಳೆದೇ ಬಿಟ್ಟರು. ಬೆರಳುದ್ದ ಇತ್ತು. ಊಟದ ಹೊತ್ತಿಗೆ ಕೇಳುತ್ತಿದ್ದರೆ ಕ್ಷಮಿಸಿ ಎಲ್ಲರೂ.

ನೀನು ಚಳಿಯ ಬಗ್ಗೆ ಕೇಳಿದ್ದೆ. ಲ್ಯಾಬ್ರಡಾರಿಗೆ ನಮ್ಮ ಚಳಿ ಏನೂ ಅಲ್ಲ, ಸ್ವೆಟರ್ ತರಬೇಡ. ಅವನಿಗೆ ಕಷ್ಟ ಆಗುವುದು ಹತ್ತು ಗಂಟೆಯ ಮೇಲಿನ ಬಿಸಿಲು. ಮಂಜು ಕರಗಿದರೆ ನವೆಂಬರ್ ಬಿಸಿಲೂ ಚುರುಕೇ. ಅಷ್ಟರೊಳಗೆ ಮನೆಗೆ ಬಂದಿರಬೇಕು. ಸಂಜೆ ಆರಕ್ಕೆ ಕತ್ತಲು, ಚಿರತೆಯ ಹೊತ್ತು, ಆಮೇಲೆ ಅಂಗಳಕ್ಕೂ ಹಗ್ಗ ಹಿಡಿದೇ ಬರಬೇಕು. ಈಗಿನಿಂದಲೇ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ನಡೆಸಿ ಅಭ್ಯಾಸ ಮಾಡಿಸು, ಅಪಾರ್ಟ್‌ಮೆಂಟ್ ಸುತ್ತ ಎರಡು ಸುತ್ತು ಹಾಕುವ ನಾಯಿ ಅವನು, ಮೊದಲ ದಿನ ಹಿನ್ನೀರಿನ ತನಕ ಹೋಗುವುದು ಬೇಡ.

ಆಯಿತು, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಕೂಗುತ್ತಿದ್ದಾನೆ. ಶುಕ್ರವಾರ ರಾತ್ರಿ ಹೊರಟರೆ ಶನಿವಾರ ತಿಂಡಿಗೆ ಇಲ್ಲಿರುತ್ತೀರಿ. ಬರುವಾಗ ಉಣುಗು ಕೀಳುವ ಚಿಮಟ ಒಂದಲ್ಲ ಎರಡು ತಾ, ನಮ್ಮದನ್ನು ಕರಿಯ ಅಗಿದು ಹಾಕಿದ್ದಾನೆ. ಚಿಕ್ಕಪ್ಪ, ನೀವೂ ಬನ್ನಿ, ಹಂದಿ ತೋರಿಸುತ್ತೇನೆ.