ತಜ್ಞರನ್ನು ಕೇಳಿ: ಶಿಯಾಮೆನ್‌ನ ಹೊಕ್ಕಿಯೆನ್ ಉಚ್ಚಾರ

ಅಡ್ಮಿನ್: ಚೀನಾದ ಬಂದರು ನಗರ ಶಿಯಾಮೆನ್‌ನಲ್ಲಿರುವ, ವ್ಯಾಪಾರಕ್ಕೆ ಅಲ್ಲಿಗೆ ಹೋಗಿಬರುವ ಎಲ್ಲರಿಗೂ ನಮಸ್ಕಾರ. ಇಂದು ಸಂಜೆ ವಾಕ್-ಶ್ರವಣ ತಜ್ಞೆ ಮೇಡಂ ನಮ್ಮ ಜೊತೆ ಇದ್ದಾರೆ. ಮೈಸೂರಿನಲ್ಲಿ ಓದಿದವರು, ಇಲ್ಲಿನ ಊರ ನುಡಿ ಹೊಕ್ಕಿಯೆನ್ ಬಲ್ಲವರು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಇಳಕಲ್ ಗ್ರಾನೈಟ್: ನಮಸ್ಕಾರ್ರೀ ಮೇಡಂ. ಕಲ್ಲಿನ ಮೇಳಕ್ಕ ವರ್ಷಾ ಬರ್ತೀನಿ. ಇಲ್ಲೆ ಕೊಳ್ಳೂದಕ್ಕೂ 'ಬುಯೆ', ಮಾರೂದಕ್ಕೂ 'ಬುಯೆ'. ನಾ ಕಲ್ಲು ಮಾರ್ತೀನಿ ಅಂದ್ರ ಎದುರಿನಾಂವ ತನ್ನ ಸ್ಟಾಕ್ ಲಿಸ್ಟ್ ತಗದು ತೋರಸ್ತಾನ. ಎಲ್ಲಿ ತಪ್ಪಾಕತ್ತೈತಿ?

ತಜ್ಞೆ: ಅಕ್ಷರ ಸರಿಯಿದೆ, ಟೋನ್ ತಪ್ಪಿದೆ. ಟೋನ್ ಎಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ. ಒಂಟಿಯಾಗಿ ಹೇಳಿದರೆ ಕೊಳ್ಳುವ 'ಬುಯೆ' ಮೇಲಿಂದ ಕೆಳಕ್ಕೆ ಜಾರುತ್ತದೆ, ಮಾರುವ 'ಬುಯೆ' ತಗ್ಗಿನಲ್ಲೇ ಸಮವಾಗಿ ಸಾಗುತ್ತದೆ. ಆದರೆ 'ಬುಯೆ ಚಿಯೊ' ಎಂದು ಮುಂದೆ ಕಲ್ಲು ಸೇರಿತೋ, ಎರಡೂ ಬದಲಾಗುತ್ತವೆ. ಕೊಳ್ಳುವ 'ಬುಯೆ' ಎತ್ತರದಲ್ಲಿ ಸಮವಾಗಿ ನಿಲ್ಲುತ್ತದೆ, ಮಾರುವ 'ಬುಯೆ' ತಗ್ಗಿನಿಂದಲೂ ಕುಸಿಯುತ್ತದೆ. ಹೊಕ್ಕಿಯೆನ್‌ನಲ್ಲಿ ಪದಗುಚ್ಛದ ಕೊನೆಯ ಪದಕ್ಕಷ್ಟೇ ಅದರ ಸ್ವಂತ ಟೋನ್. ಅದಕ್ಕಿಂತ ಮೊದಲು ಬರುವವೆಲ್ಲ ಬೇರೆ ಟೋನ್ ತೊಡುತ್ತವೆ. ಟೋನ್‌ಗಳನ್ನು ಸಂಖ್ಯೆಯಿಂದ ಗುರುತಿಸಿದರೆ, 1 ಇದ್ದದ್ದು 7 ಆಗುತ್ತದೆ, 7 ಇದ್ದದ್ದು 3, 3 ಇದ್ದದ್ದು 2, 2 ಇದ್ದದ್ದು ಮತ್ತೆ 1. 5ನೆಯದೂ 7ಕ್ಕೇ ಹೋಗುತ್ತದೆ. ಒಂಟಿ ಪದ ಬಾಯಿಪಾಠ ಮಾಡಬೇಡಿ, 'ಕಲ್ಲು ಮಾರುತ್ತೇನೆ' ಎಂದು ಇಡೀ ಮಾತನ್ನೇ ಕಲಿಯಿರಿ.

ಸ್ಟೂಡೆಂಟ್ 2: ಮೇಡಂ, ಒಟ್ಟು ಎಷ್ಟು ಟೋನ್?

ತಜ್ಞೆ: ಏಳು. ಎಣಿಕೆ 8ರವರೆಗೆ ಹೋಗುತ್ತದೆ, 6ನೆಯದು ಇಲ್ಲಿ 7ರಲ್ಲಿ ಸೇರಿಹೋಗಿದೆ.

ಮಂಡ್ಯ ಸೊಸೆ: ಮ್ಯಾಂಡರಿನ್ ಸ್ವಲ್ಪ ಬರುತ್ತೆ ಮೇಡಂ. ಇದು ಅದಕ್ಕಿಂತ ಕಷ್ಟನಾ?

ತಜ್ಞೆ: ಟೋನ್ ಕಷ್ಟ, ವ್ಯಂಜನ ನಮಗೆ ಸುಲಭ. ಮ್ಯಾಂಡರಿನ್‌ನಲ್ಲಿ ನಮ್ಮ 'ಬ' ಇಲ್ಲ. ಹೊಕ್ಕಿಯೆನ್‌ನಲ್ಲಿ ಪ, ಫ, ಬ ಮೂರೂ ಇವೆ; ಕ, ಖ, ಗ ಕೂಡ. 'ಫ' ಎಂದರೆ ಮೇಷ್ಟ್ರು ತಿದ್ದಿಸಿದ 'ಫಲ'ದ ಫ, 'ಫೋನ್'ನ ಫ ಅಲ್ಲ. ಆ ಧ್ವನಿ ಈ ನುಡಿಯಲ್ಲೇ ಇಲ್ಲ. ಮೂಗುಸ್ವರಗಳ ಕಡೆ ಗಮನವಿರಲಿ. 'ಮೂರು' ಎನ್ನಲು 'ಸಾ' ಎಂದು ಗಾಳಿಯನ್ನು ಮೂಗಿಗೂ ಬಿಡಬೇಕು. 'ಸಾನ್' ಎಂದು ನಾಲಿಗೆ ಹಲ್ಲಿಗೆ ತಾಗಿಸಿದರೆ ಅದು ಬೇರೆ ಪದ.

ಕನ್ನಡ ಕಟ್ಟಾಳು: ಹೊಕ್ಕಿಯೆನ್‌ನಲ್ಲಿ 'ಹಂಚುವುದು' ಎನ್ನುವುದಕ್ಕೆ ಪುನ್ ಅಂತಲೂ ಇದೆ, ಹುನ್ ಅಂತಲೂ ಇದೆ. ನಮ್ಮಲ್ಲಿ ಪಾಲ್ ಹಾಲಾಯಿತು, ಪೂ ಹೂವಾಯಿತು. ಚೀನೀ ಭಾಷೆ ಹಳಗನ್ನಡದಿಂದ ಹುಟ್ಟಿದ್ದು ಅಂತ ಬಂದಿರೋ ಫಾರ್ವರ್ಡ್ ನಿಜ ತಾನೇ?

ತಜ್ಞೆ: ಅಲ್ಲ. ನಮ್ಮಲ್ಲಿ ಪಕಾರವೇ ಕಾಲಕ್ರಮದಲ್ಲಿ ಹಕಾರವಾಯಿತು. ಇಲ್ಲಿ 'ಪುನ್' ಮನೆಮಾತು, 'ಹುನ್' ಓದಿನ ಮಾತು. ಓದಿನ ಉಚ್ಚಾರ ಉತ್ತರದಿಂದ 'ಫೋನ್'ನ ಫ ಹೊತ್ತು ಬಂತು, ಈ ಬಾಯಿಗೆ ಅದು ಒಗ್ಗದೆ 'ಹ' ಆಯಿತು. ಹಳೆಯ ಚೀನೀಯಲ್ಲಿ ಆ ಫ ಇರಲೇ ಇಲ್ಲ ಎಂದು 18ನೇ ಶತಮಾನದ ಪಂಡಿತ ಚಿಯೆನ್ ದಾಶಿನ್ ತೋರಿಸಿಕೊಟ್ಟಿದ್ದಾರೆ. ಹಳೆಯ 'ಪ' ಹೊಕ್ಕಿಯೆನ್‌ನ ಮನೆಮಾತಿನಲ್ಲಿ ಇನ್ನೂ ಉಳಿದಿದೆ. ಇಂಥ ಸಂಗತಿ ಕಣ್ಣೆದುರಿರುವಾಗ ಸುಳ್ಳು ನೆಂಟಸ್ತಿಕೆ ಯಾಕೆ ಬೇಕು?

ಶಿಯಾಮೆನ್ ತಾಯಿ: ಮೇಡಂ, ಮಗನಿಗೆ 4 ವರ್ಷ. ಮನೆಯಲ್ಲಿ ಕನ್ನಡ, ನೋಡಿಕೊಳ್ಳುವ ಪಕ್ಕದ ಮನೆ ಅಜ್ಜಿ ಹತ್ತಿರ ಹೊಕ್ಕಿಯೆನ್. ಚೆನ್ನಾಗಿ ಮಾತಾಡ್ತಿದ್ದ. ಈಗ ಒಂದು ತಿಂಗಳಿಂದ 'ಹತ್ತು' ಅನ್ನೋ 'ತ್ಸಾಪ್' ಬರೀ 'ತ್ಸಾ' ಆಗಿದೆ, ತಲೆಗೆ ಹೇಳೋ 'ಥಾಉ' 'ತಾಉ' ಆಗಿದೆ. ರಾಗ ಮಾತ್ರ ಸರಿಯಾಗಿದೆ ಅಂತಾರೆ ಅಜ್ಜಿ. ಎರಡು ಭಾಷೆ ಗೊಂದಲವಾ? ಕನ್ನಡ ನಿಲ್ಲಿಸಿ ಅಂತ ಒಬ್ಬರು ಹೇಳಿದರು.

ತಜ್ಞೆ: ಕನ್ನಡ ನಿಲ್ಲಿಸಬೇಡಿ. ಮೊದಲು ಇದಕ್ಕೆ ಉತ್ತರ ಹೇಳಿ: ಶೀತ ಇತ್ತಾ? ಟಿವಿ ಜೋರು ಮಾಡ್ತಾನಾ? ಬಾಯಿ ತೆರೆದು ಮಲಗ್ತಾನಾ, ಗೊರಕೆ ಇದೆಯಾ? ಹಿಂದಿನಿಂದ ಕರೆದರೆ ತಿರುಗ್ತಾನಾ?

ಶಿಯಾಮೆನ್ ತಾಯಿ: ಐದು ವಾರದ ಹಿಂದೆ ಜೋರು ಶೀತ. ಟಿವಿ ಹೌದು. ಗೊರಕೆ ಹೌದು. ಕರೆದರೆ ಒಮ್ಮೊಮ್ಮೆ ತಿರುಗಲ್ಲ, ಹಟ ಅಂದ್ಕೊಂಡಿದ್ವಿ.

ಹಾಸನ ಅಕ್ಕ: ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಸರಿಹೋಗುತ್ತೆ ಕಣಮ್ಮ. ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎರಡು ತೊಟ್ಟು ಬಿಡಿ. ಈ ವಿಡಿಯೋ ನೋಡಿ.

ತಜ್ಞೆ: ಎಣ್ಣೆ ಬೇಡ. ಕಿವಿತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗಿಳಿಯುತ್ತದೆ, ಬಿಸಿಯಿದ್ದರೆ ಸುಡುತ್ತದೆ. ನಿನ್ನೆವರೆಗೆ ಸರಿಯಾಗಿ ಆಡಿದ ನಾಲಿಗೆಗೆ ಇಂದು ದಾರ ಅಡ್ಡ ಬರುವುದಿಲ್ಲ. ಆ ವಿಡಿಯೋ ತೆಗೆಯಿರಿ.

ತಾಯಿ, ಗಮನವಿಟ್ಟು ಓದಿ. ಹೊಕ್ಕಿಯೆನ್‌ನಲ್ಲಿ ಪದದ ಕೊನೆಯ ಪ್, ತ್, ಕ್ ಸಿಡಿಯುವುದಿಲ್ಲ. 'ತ್ಸಾಪ್' ಎಂದಾಗ ತುಟಿ ಮುಚ್ಚಿಕೊಳ್ಳುತ್ತದೆ, ಅಷ್ಟೆ, ಮತ್ತೆ ತೆರೆಯುವ ಸದ್ದಿಲ್ಲ. ಕಿವಿಗೆ ಸಿಗುವ ಗುರುತು ತೀರಾ ಸಣ್ಣದು. 'ಥ'ದ ಉಸಿರೂ ಹಾಗೇ, ಮೆಲ್ಲನೆಯ ಗಾಳಿ. ಟೋನ್ ಕೂರುವುದು ಸ್ವರದ ಮೇಲೆ. ಅದು ಗಟ್ಟಿ, ಕಿವಿ ಅರೆಮುಚ್ಚಿದ್ದರೂ ಕೇಳುತ್ತದೆ. ರಾಗ ಉಳಿದು, ಉಸಿರು ಮತ್ತು ಕೊನೆಯ ಮುಚ್ಚುವಿಕೆ ಮಾಯವಾದರೆ ನನಗೆ ಮೊದಲು ಅನುಮಾನ ಬರುವುದು ಕಿವಿಯ ಮೇಲೆ. ಶೀತದ ನಂತರ ತಮಟೆಯ ಹಿಂದೆ ನೀರು ನಿಂತಿರಬಹುದು. ಗೊರಕೆ ಇರುವುದರಿಂದ ಮೂಗಿನ ಹಿಂದಿನ ಅಡಿನಾಯ್ಡ್ ಎಂಬ ಅಂಗಾಂಶ ಊದಿದೆಯೇ ಎಂದು ಕೂಡ ನೋಡಿಸಬೇಕು.

ಈ ವಾರವೇ ಇಎನ್‌ಟಿ ಹತ್ತಿರ ಹೋಗಿ. ಟಿಂಪನೊಮೆಟ್ರಿ ಕೇಳಿ. ಕಿವಿಗೆ ಮೆತ್ತನೆ ತುದಿ ಇಟ್ಟು ಒತ್ತಡ ಬದಲಿಸಿ ನೋಡುತ್ತಾರೆ, ನೋವಿಲ್ಲ. ಜೊತೆಗೆ ಸದ್ದು ಕೇಳಿದಾಗ ಡಬ್ಬಿಗೆ ಗೋಲಿ ಹಾಕಿಸುವ ಆಟದ ಶ್ರವಣ ಪರೀಕ್ಷೆ. ಬಹುತೇಕ ಮಕ್ಕಳಲ್ಲಿ ಈ ನೀರು ಸುಮಾರು 3 ತಿಂಗಳಲ್ಲಿ ತಾನಾಗಿ ಇಳಿಯುತ್ತದೆ, ಆದರೂ ಎಷ್ಟು ಕೇಳುತ್ತಿದೆ ಎಂದು ಅಳೆಯಲೇಬೇಕು. ನೋವು, ಜ್ವರ, ಸೋರಿಕೆ ಕಂಡರೆ ಅಂದೇ ಹೋಗಿ. ಅಲ್ಲಿಯವರೆಗೆ ಎದುರು ಕೂತು, ಮುಖ ಕಾಣುವಂತೆ ಮಾತಾಡಿ. ತಿದ್ದಬೇಡಿ, ಗದರಬೇಡಿ. ಅಜ್ಜಿಯ ಕಿವಿ ಬಹಳ ಸೂಕ್ಷ್ಮ, ಅವರನ್ನೂ ಕರೆದುಕೊಂಡು ಹೋಗಿ.

ಬೆಂಗಳೂರು ಟೆಕ್ಕಿ: ಇಷ್ಟೆಲ್ಲ ಯಾಕೆ? ಮಗುಗೆ ಮ್ಯಾಂಡರಿನ್ ಕಲಿಸಿ. ಹೊಕ್ಕಿಯೆನ್ ಒಂದು ಉಪಭಾಷೆ.

ಪುತ್ತೂರು: ಉಪಭಾಷೆ ಅಂದ್ರೆ ಏನು ಸ್ವಾಮಿ? ಬೀಜಿಂಗ್‌ನವರಿಗೆ ಇವರ ಮಾತು ಅರ್ಥ ಆಗುದಿಲ್ಲ. ನಮ್ಮ ತುಳುವಿಗೂ ಹೀಗೇ ಹೇಳಿದವರು ನೀವು.

ಬೆಂಗಳೂರು ಟೆಕ್ಕಿ: ತುಳು ಎಲ್ಲಿಂದ ಬಂತು ಇಲ್ಲಿ?

ಪುತ್ತೂರು: ನಿಮ್ಮ ಬಾಯಿಂದಲೇ ಬಂತು.

ಇಳಕಲ್ ಗ್ರಾನೈಟ್: ಅಣ್ಣಾರ, ಆ ತಾಯಿ ಕೂಸಿನ ಚಿಂತ್ಯಾಗ ಅದಾಳ, ನೀವು ಬಿಡ್ರೀ.

ಕನ್ನಡ ಕಟ್ಟಾಳು: ನನ್ನ ಫಾರ್ವರ್ಡ್‌ಗೆ ಸುಳ್ಳು ಅಂದರಲ್ಲ ಮೇಡಂ, ನಮ್ಮ 'ಟೀ' ಇವರ 'ತೇ' ತಾನೇ?

ತಜ್ಞೆ: ಹೌದು, ಅದು ನಿಜ. ಹೊಕ್ಕಿಯೆನ್ 'ತೇ' ಡಚ್ಚರ ಹಡಗು ಹತ್ತಿ ಇಂಗ್ಲಿಷಿಗೆ ಹೋಗಿ ನಮಗೆ 'ಟೀ' ಆಗಿ ಬಂತು. 'ಚಹಾ' ಬೇರೆ ಚೀನೀ ನುಡಿಗಳ 'ಚಾ'ದಿಂದ, ಪಾರಸಿಯ ದಾರಿಯಲ್ಲಿ. ಅದು ವ್ಯಾಪಾರದಲ್ಲಿ ಬಂದ ಪದ, ರಕ್ತಸಂಬಂಧವಲ್ಲ.

ಸ್ಟೂಡೆಂಟ್ 5: ಎಷ್ಟು ಟೋನ್ ಮೇಡಂ?

ತಜ್ಞೆ: ಮೇಲೆ ಓದಿ.

ಹಾಸನ ಅಕ್ಕ: ನಮ್ಮ ಅಜ್ಜಿ ಕಾಲದಿಂದ ಎಣ್ಣೆ ಹಾಕ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಓದಿದವರಿಗೆ ಹಿರಿಯರ ಮಾತು ಬೇಡ.

ತಜ್ಞೆ: ಈ ಹುಡುಗನ ಮಾತನ್ನು ಸೂಕ್ಷ್ಮವಾಗಿ ಆಲಿಸಿದವರೂ ಒಬ್ಬ ಅಜ್ಜಿಯೇ. ಹಿರಿಯರ ಮೇಲೆ ನನಗೆ ಗೌರವವಿದೆ. ಎಣ್ಣೆ ಬೇಡ. ಇನ್ನೊಮ್ಮೆ ಹಾಕಿದರೆ ಅಡ್ಮಿನ್ ಅಳಿಸಲಿ.

ಮಂಡ್ಯ ಸೊಸೆ: ಮೇಡಂ, ನಮ್ಮ ಅತ್ತೆ ತೈವಾನ್ ಕಡೆಯವರು, ಅವರ 5ನೇ ಟೋನ್ ಬೇರೆ ಥರ ಬದಲಾಗುತ್ತೆ. ಯಾವುದು ಸರಿ?

ಸ್ಟೂಡೆಂಟ್ 2: ಒಳ್ಳೆ ಆ್ಯಪ್ ಯಾವುದು?

ಶಿಯಾಮೆನ್ ತಾಯಿ: ಮೇಡಂ, ನಾಳೆ ಬೆಳಿಗ್ಗೆಗೆ ಸಮಯ ಸಿಕ್ಕಿದೆ. ಅಜ್ಜಿನೂ ಬರ್ತಿದ್ದಾರೆ. ಹಿಂದಿನಿಂದ ಮೆಲ್ಲಗೆ 'ತ್ಸಾಪ್' ಅಂದೆ, ತಿರುಗಲೇ ಇಲ್ಲ. ಎದುರಿಗೆ ಹೇಳಿದ ಕೂಡಲೇ ನನ್ನ ತುಟಿ ನೋಡಿ ಅವನೂ ತುಟಿ ಮುಚ್ಚಿದ.

ತಜ್ಞೆ: ಇದನ್ನು ಡಾಕ್ಟರಿಗೆ ಹೀಗೇ ಹೇಳಿ. ರಿಪೋರ್ಟ್ ಗುಂಪಿಗೆ ಹಾಕಬೇಡಿ, ನನಗೆ ಕಳಿಸಿ.